ಸ್ಕ್ಯಾನ್ ಕೋಣೆಯ ಪೂಜೆ

ಅತ್ತೆ ಬಿದ್ದ ಸುದ್ದಿ ಬಂದಾಗ ನಾನು ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಎರಡೂ ಕೈ ಅಂಟಂಟು. ಪಕ್ಕದ ಮನೆಯ ಕಸ್ತೂರಿ ಬಾಗಿಲಾಚೆಯೇ ನಿಂತು, ಸೆರಗನ್ನು ಬಾಯಿಗೆ ಹಿಡಿದುಕೊಂಡು, "ಶಾಂತಕ್ಕಾ, ನಿಮ್ಮ ಅತ್ತಿ ಗುಡಿ ಪಾವಟಿಗಿ ಮ್ಯಾಲ ಜಾರಿ ಬಿದ್ದಾರ, ಲಗೂನ ಬಾ" ಎಂದಳು. ಆಕೆ ಒಳಗೆ ಬರಲಿಲ್ಲ, ನಾನೂ ಕರೆಯಲಿಲ್ಲ. ಆ ಬೇಸಿಗೆಯಲ್ಲಿ ಯಾರೂ ಯಾರ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಕೊರೊನಾದ ಎರಡನೆಯ ಬೇಸಿಗೆ ಅದು.

ಇಷ್ಟು ವರ್ಷದ ಮೇಲೆ ಇದನ್ನು ಬರೆಯಲು ಕೂತಿರುವುದು ಒಂದು ವಾಸನೆಯ ದೆಸೆಯಿಂದ. ಮೊನ್ನೆ ತಂಗಿಯ ಮಗಳು ಸೈಕಲ್ಲಿನಿಂದ ಬಿದ್ದು ಕಾಲು ಊದಿಸಿಕೊಂಡಳೆಂದು ಮುದ್ದೇಬಿಹಾಳದ ಒಂದು ಆಸ್ಪತ್ರೆಗೆ ಹೋಗಿದ್ದೆವು. ಎಕ್ಸರೇ ಕೋಣೆಯ ಬಾಗಿಲಲ್ಲಿ ಕೈಗೆ ಹಚ್ಚಿಕೊಳ್ಳುವ ಔಷಧದ ಬಾಟಲಿ ಇನ್ನೂ ತೂಗುತ್ತಿತ್ತು. ಹುಡುಗಿ ಸುಮ್ಮನೆ ಆಟಕ್ಕೆ ಒಂದು ಸಲ ಒತ್ತಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಅಲ್ಲೇ ಇದ್ದ ಬಾಕಿನ ಮೇಲೆ ಕೂತೆ. ತಂಗಿ, "ಯಾಕಕ್ಕಾ, ನಿನಗೇನಾತು?" ಎಂದಳು. ಏನಾಯಿತು ಎಂದು ಅಲ್ಲಿ ನಿಂತ ನಿಲುವಿನಲ್ಲಿ ಹೇಳಲು ಬರುವಂಥದ್ದಲ್ಲ.

ನಮ್ಮ ಊರು ಸಿಂದಗಿ ತಾಲ್ಲೂಕಿನ ಮೋರಟಗಿ. ನನ್ನ ತವರು ಮನಗೂಳಿ. ಮದುವೆಯಾಗಿ ಬಂದ ದಿನದಿಂದ ಅತ್ತೆ ನೀಲವ್ವನ ಕೈಕೆಳಗೆ ಇದ್ದವಳು ನಾನು. ಅವರ ನಾಲಗೆ ಹರಿತ. "ಮನಗೂಳ್ಯಾಗ ರೊಟ್ಟಿ ಇಷ್ಟು ದಪ್ಪ ಬಡೀತಾರೇನ, ಹಾಸಿಗಿ ಮಾಡಿ ಮಲಗಾಕ?" ಎಂದು ಮೊದಲ ವರ್ಷವೇ ಹಂಗಿಸಿದ್ದರು. ಆದರೆ ನನಗೆ ಜ್ವರ ಬಂದರೆ ತಲೆದೆಸೆ ಬಿಟ್ಟು ಏಳುತ್ತಿರಲಿಲ್ಲ. ದಿನಾ ಬೆಳಗ್ಗೆ ಜಳಕ, ಲಿಂಗಪೂಜೆ, ಆಮೇಲೆ ಬಸವಣ್ಣನ ಗುಡಿ. ಇದು ಅವರ ದಿನಚರಿ. ಆ ಬೇಸಿಗೆಯಲ್ಲಿ ಗುಡಿಗೆ ಕೀಲಿ ಹಾಕಿದ್ದರು. ಆದರೂ ಹೋಗುತ್ತಿದ್ದರು. ನಾನು ಬೇಡವೆಂದರೆ, "ಬಾಗಲಾ ಹಾಕ್ಯಾರ, ಹೊಸ್ತಲಾ ಹಾಕ್ಯಾರೇನ?" ಎಂದು ನನ್ನನ್ನೇ ಕೇಳುತ್ತಿದ್ದರು. ಮುಚ್ಚಿದ ಬಾಗಿಲ ಮುಂದಿನ ಹೊಸ್ತಿಲಿಗೆ ಹಣೆ ಹಚ್ಚಿ ಬರುವುದು. ಅವತ್ತು ಹಾಗೆ ಬಗ್ಗಿ ಎದ್ದು ತಿರುಗುವಾಗ ಕಾಲು ತಪ್ಪಿ, ತಲೆಯ ಹಿಂಭಾಗ ಮೆಟ್ಟಿಲ ಕಲ್ಲಿಗೆ ಬಡಿದಿತ್ತು.

ನಾನು ಕೈ ತೊಳೆದು ಓಡುವಷ್ಟರಲ್ಲಿ ಅವರೇ ನಡೆದುಕೊಂಡು ಬರುತ್ತಿದ್ದರು, ಓಣಿಯ ಜನರನ್ನು ಬೈಯುತ್ತ. "ಸರಕೊಳ್ರಿ, ಗುಂಪ ಕೂಡಬ್ಯಾಡ್ರಿ. ಬಿದ್ದಾಕಿ ನಾನು, ಪೊಲೀಸರ ಏಟು ನಿಮಗ ಬೀಳತಾವ." ಎಲ್ಲರೂ ನಕ್ಕರು, ನಾನೂ ನಕ್ಕೆ. ಬುರುಡೆಯ ಹಿಂದೆ ನಿಂಬೆಹಣ್ಣಿನಷ್ಟು ಬುಗುಟೆ ಎದ್ದಿತ್ತು. ರಕ್ತ ಇರಲಿಲ್ಲ. ಅರಿಸಿನ ಹಚ್ಚಿದೆ, ಚಹಾ ಕೊಟ್ಟೆ. ಕುಡಿದು ಮಲಗಿದರು. ನಾನು ಮತ್ತೆ ಹೋಗಿ ಹುಣಸೆಹಣ್ಣಿನ ಮುಂದೆ ಕೂತೆ. ಎರಡು ವರ್ಷದ ಹಿಂದೆ ಎದೆನೋವು ಬಂದಾಗಿನಿಂದ ಅವರು ರಕ್ತ ತೆಳ್ಳಗಾಗುವ ಗುಳಿಗೆ ನುಂಗುತ್ತಿದ್ದರು. ದಿನಾ ರಾತ್ರಿ ಅದನ್ನು ಅಂಗೈಯಲ್ಲಿ ಇಡುವವಳು ನಾನೇ. ಅಂಥವರಿಗೆ ಬುಗುಟೆ ಹೊರಗಿಗಿಂತ ಒಳಗೆ ದೊಡ್ಡದಾಗಬಹುದು ಎನ್ನುವುದು ನನಗೆ ಹೊಳೆಯಲಿಲ್ಲ. ಒಂದು ಬುಟ್ಟಿ ಹಣ್ಣು ಪೂರ್ತಿ ಬಿಡಿಸಿ ಮುಗಿಸಿದೆ. ಈಗಲೂ ಆ ಬುಟ್ಟಿಯನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಧ್ಯಾಹ್ನ ಊಟಕ್ಕೆ ಎಬ್ಬಿಸಿದೆ. ತಾಟಿನಲ್ಲಿ ಕೈ ಇಟ್ಟುಕೊಂಡು ಸುಮ್ಮನೆ ಕೂತರು. ಸ್ವಲ್ಪ ಹೊತ್ತಿಗೆ ನನ್ನ ಮುಖ ನೋಡಿ, "ಗಂಗಾ, ಹೊಲಕ್ಕ ಬುತ್ತಿ ಹೋತೇನ?" ಎಂದರು. ಗಂಗವ್ವ ಅವರ ತಂಗಿ. ತೀರಿಕೊಂಡು ಎಷ್ಟೋ ಕಾಲವಾಗಿದೆ. "ಅತ್ತಿ, ನಾನ್ರಿ, ಶಾಂತಾ" ಎನ್ನುವಷ್ಟರಲ್ಲಿ ಕುಡಿದಿದ್ದ ನೀರೆಲ್ಲ ವಾಂತಿಯಾಯಿತು.

ನಮ್ಮ ಮನೆಯವರು ಪ್ರೈಮರಿ ಶಾಲೆಯ ಮಾಸ್ತರು. ಶಾಲೆ ಮುಚ್ಚಿದ್ದರಿಂದ ಅವರನ್ನು ಇಂಡಿ ಕಡೆ, ಭೀಮಾ ನದಿಯ ಹತ್ತಿರದ ಚೆಕ್‌ಪೋಸ್ಟಿಗೆ ಹಾಕಿದ್ದರು. ಮಹಾರಾಷ್ಟ್ರದಿಂದ ಬರುವ ಗಾಡಿಗಳನ್ನು ಬರೆದುಕೊಳ್ಳುವ ಕೆಲಸ. ಫೋನು ಹಚ್ಚಿದೆ. ನಾನು ಹೇಳಿ ಮುಗಿಸುವ ಮೊದಲೇ ಅವರು ಕೂಗಿದರು. "ಗುಳಿಗಿ ತೊಗೊಂತಾಳಲ್ಲೇ ಆಕಿ! ತಲಿ ಸ್ಕ್ಯಾನ್ ಆಗಬೇಕು, ಈಗಿಂದೀಗ. ಸಿಂದಗಿಗೆ ಒಯ್ಯಿ. ನಾ ಇಲ್ಲಿ ಸಾಹೇಬರನ್ನ ಕೇಳಿ ಹೊಂಡತೇನಿ, ನನ್ನ ದಾರಿ ಕಾಯಬ್ಯಾಡ."

ಗಾಡಿ ಎಲ್ಲಿಂದ ತರುವುದು? ಬಸ್ಸಿಲ್ಲ, ಜೀಪಿಲ್ಲ. ಆದರೆ ಶಿವ ಬಾಗಿಲು ಹಾಕುವಾಗ ಒಂದು ಕಿಂಡಿ ಬಿಟ್ಟೇ ಹಾಕುತ್ತಾನೆ. ಹಿಂದಿನ ಓಣಿಯ ಮಹಿಬೂಬಣ್ಣ ಸಿಂದಗಿಗೆ ನಿಂಬೆಹಣ್ಣು ಒಯ್ಯಲು ತನ್ನ ಮೂರು ಗಾಲಿಯ ಟಂಟಂಗೆ ಚೀಲ ಹೇರುತ್ತಿದ್ದ. ಸುದ್ದಿ ಕೇಳಿದ್ದೇ ಹೇರಿದ್ದನ್ನೆಲ್ಲ ಇಳಿಸಿದ. ಖಾಲಿ ಚೀಲ ಹಾಸಿ, ಅದರ ಮೇಲೆ ಕೌದಿ ಹಾಸಿ ಅತ್ತೆಯನ್ನು ಮಲಗಿಸಿದೆವು. ದಾರಿಯುದ್ದಕ್ಕೂ ನಿಂಬೆಹಣ್ಣಿನ ವಾಸನೆ. ಅತ್ತೆ ಕಣ್ಣು ಮುಚ್ಚುವುದು, ನಾನು ಗಲ್ಲ ತಟ್ಟುವುದು. ದಾರಿಯಲ್ಲಿ ಒಂದು ಕಡೆ ಪೊಲೀಸರು ಹಗ್ಗ ಕಟ್ಟಿದ್ದರು. ಮಹಿಬೂಬಣ್ಣನ ಪಾಸು ನೋಡಿದ ಪೊಲೀಸಿನವನು, "ನಿಂಬಿಹಣ್ಣಿಂದು ಪಾಸ್ ಇದು. ನಿಂಬಿಹಣ್ಣ ಎಲ್ಲಿ?" ಎಂದ.

"ಒಂದ ಐತ್ರೀ ಸಾಹೇಬ್ರ, ಅಜ್ಜಿ ತಲಿ ಹಿಂದ. ಬಗ್ಗಿ ನೋಡ್ರಿ" ಎಂದ ಮಹಿಬೂಬಣ್ಣ.

ಪೊಲೀಸಿನವನು ಬಗ್ಗಿ ಬುಗುಟೆ ನೋಡಿದ, ನನ್ನ ಮುಖ ನೋಡಿದ, ಹಗ್ಗ ಬಿಚ್ಚಿದ.

ಸಿಂದಗಿಯ ಆ ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಂತ್ರ ಇದ್ದದ್ದು ಒಂದೇ. ಮೊದಲಾಗಿದ್ದರೆ ಬಿದ್ದವರು, ಗಾಡಿ ಹಾಯಿಸಿಕೊಂಡವರು, ಹೊಟ್ಟೆನೋವಿನವರು ಅದರೊಳಗೆ ಹೋಗಿ ಬರುತ್ತಿದ್ದರು. ಆ ಬೇಸಿಗೆಯಲ್ಲಿ ಎಲ್ಲರದೂ ಎದೆಯೇ. ಬೇವಿನ ಮರದ ಕೆಳಗೆ ಸುಣ್ಣದಲ್ಲಿ ಚೌಕ ಬರೆದು, ಒಂದೊಂದು ಚೌಕಕ್ಕೆ ಒಂದೊಂದು ಕುರ್ಚಿ ಹಾಕಿದ್ದರು. ಪ್ರತಿ ಕುರ್ಚಿಯಲ್ಲೂ ಒಬ್ಬರು ಕೆಮ್ಮುತ್ತ ಕೂತಿದ್ದರು. ಕೆಮ್ಮಿಲ್ಲದವರಿಗೆ ಬೆಳಗ್ಗೆ, ಕೆಮ್ಮಿದ್ದವರಿಗೆ ಮಧ್ಯಾಹ್ನದ ಮೇಲೆ ಎಂದು ಗೋಡೆಗೆ ಬರೆದು ಹಚ್ಚಿದ್ದರು. ನಾವು ಬಂದದ್ದು ಕೆಮ್ಮಿನ ಹೊತ್ತಿಗೆ. ಒಬ್ಬರು ಹೊರಗೆ ಬಂದರೆ ಯಂತ್ರದ ಹಾಸಿಗೆಯನ್ನು ಔಷಧದ ನೀರಲ್ಲಿ ಒರೆಸಿ, ಗಾಳಿ ಆಡಲು ಬಿಟ್ಟು, ಕಾದು, ಆಮೇಲೆ ಮುಂದಿನವರು. ಅವಸರ ಎಂದರೆ ಆಗುವ ಕೆಲಸವೇ ಅಲ್ಲ ಅದು.

ಡಾಕ್ಟರು ಅತ್ತೆಯ ಕಣ್ಣಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರು. ತಲೆಯೊಳಗೆ ರಕ್ತ ಜಿನುಗುತ್ತಿರಬಹುದು, ಹಾಗಿದ್ದರೆ ವಿಜಯಪುರದ ತಲೆ ಡಾಕ್ಟರ ಹತ್ತಿರ ಕಳಿಸಬೇಕು, ಒಂದೊಂದು ತಾಸೂ ಲೆಕ್ಕಕ್ಕೆ ಬರುತ್ತದೆ ಎಂದರು. "ಆದರೆ ಅಮ್ಮಾ, ತಲೆಯ ಜೊತೆಗೆ ಎದೆಯ ಚಿತ್ರವೂ ಬೇಕು. ಎದೆ ಸ್ವಚ್ಛ ಇದೆ ಅಂತ ಬರೆದುಕೊಟ್ಟರೆ ಮಾತ್ರ ಅಲ್ಲಿ ತಲೆಯ ವಾರ್ಡಿಗೆ ತಗೋತಾರೆ. ಇಲ್ಲಾಂದರೆ ಕೊರೊನಾ ವಾರ್ಡು. ಅಲ್ಲಿ ಹಾಸಿಗೆ ಇಲ್ಲ, ನಿಮ್ಮನ್ನ ಒಳಗೆ ಬಿಡೋದೂ ಇಲ್ಲ. ಮೂಗಿನ ಟೆಸ್ಟಿನ ರಿಪೋರ್ಟು ಬರೋಕೆ ಎರಡು ದಿನ." ಎರಡು ದಿನ ಎಂದಾಗ ಅವರ ದನಿ ಇಳಿಯಿತು. ಅತ್ತೆಗೆ ಎರಡು ದಿನ ಇಲ್ಲ ಎನ್ನುವುದು ನನಗೆ ಗೊತ್ತಾಯಿತು.

ಸರದಿಯಲ್ಲಿ ಮುಂದಿದ್ದವನು ಇಂಡಿ ಕಡೆಯ ಒಬ್ಬ ರೈತ. ಉಸಿರಿಗೊಮ್ಮೆ ಅವನ ಭುಜ ಎದ್ದು ಬೀಳುತ್ತಿತ್ತು. ನಾನು ಬಾಯಿ ತೆರೆದು ಕೇಳಲೇ ಇಲ್ಲ. ಅವನೇ ಕೈ ಮಾಡಿ, "ಅಜ್ಜಿನ್ನ ಮೊದ್ಲ ಒಯ್ರೆವ್ವಾ. ನನ್ನ ಕೆಮ್ಮೇನು ಬಸ್ಸ ಹತ್ತಿ ಹೋಗಂಗಿಲ್ಲ, ಇಲ್ಲೇ ಇರತೈತಿ" ಎಂದ. ಅವನ ಹಿಂದಿದ್ದವರೂ ತಲೆ ಅಲ್ಲಾಡಿಸಿದರು. ಅವನ ಹೆಸರು ಕೇಳಬೇಕೆನ್ನುವುದೂ ತೋಚಲಿಲ್ಲ. ಅವನು ಮನೆಗೆ ಹೋದನೋ ಇಲ್ಲವೋ ನನಗೆ ತಿಳಿಯದು. ಇವತ್ತಿಗೂ ದೇವರ ಮುಂದೆ ಬಾಗುವಾಗ ಅವನದೊಂದು ನಮಸ್ಕಾರ ಬೇರೆಯೇ ಮಾಡುತ್ತೇನೆ.

ಯಂತ್ರದ ಕೋಣೆಯಲ್ಲಿದ್ದದ್ದು ಒಬ್ಬ ಹುಡುಗಿ. ತಲೆಯಿಂದ ಪಾದದವರೆಗೆ ಬಿಳಿಯ ಪ್ಲಾಸ್ಟಿಕ್ಕಿನ ಅಂಗಿ, ಕಣ್ಣಿಗೆ ಕನ್ನಡಕ, ಬಾಯಿಗೆ ಎರಡು ಮಾಸ್ಕು. ಯಾರು ಯಾರೆಂದು ಗುರುತಿಗಾಗಿ ಬೆನ್ನ ಮೇಲೆ ದಪ್ಪ ಪೆನ್ನಿನಲ್ಲಿ 'ಸುಜಾತಾ' ಎಂದು ಬರೆದುಕೊಂಡಿದ್ದಳು. ರೋಗಿಯನ್ನು ಆದಷ್ಟೂ ಮುಟ್ಟಬಾರದು ಎನ್ನುವುದು ಆಗಿನ ಕಟ್ಟುನಿಟ್ಟು. ಅವಳು ಗಾಜಿನ ಹಿಂದಿನ ಕೋಣೆಯಲ್ಲಿ ನಿಂತು ಮೈಕಿನಲ್ಲಿ ಹೇಳುವುದು, ನಾನು ಮಾಡುವುದು.

"ಅಕ್ಕಾರ, ಅಜ್ಜಿ ಮೈಮ್ಯಾಲಿನ ಲೋಹದ ಸಾಮಾನೆಲ್ಲ ತಗೀರಿ. ಬೆಂಡವಾಲಿ, ಮೂಗುತಿ, ಪಿನ್ನಾ, ಏನೈತಿ ಎಲ್ಲಾ."

ತೆಗೆದೆ. ಕಿವಿಯದು, ಮೂಗಿನದು, ಸೀರೆಯ ಪಿನ್ನು, ತುರುಬಿನ ಕಡ್ಡಿ, ಕೈಬೆರಳಿನ ಉಂಗುರವನ್ನೂ ಬಿಡಲಿಲ್ಲ.

"ಎಲ್ಲಾ ಆತೇನ್ರಿ? ಲೋಹದ್ದು ಮತ್ತೇನೂ ಇಲ್ಲಲ್ಲ?"

"ಏನೂ ಇಲ್ಲವ್ವಾ" ಎಂದೆ. ಸುಳ್ಳು ಹೇಳಲಿಲ್ಲ. ನನ್ನ ಕಣ್ಣಿಗೆ ಏನೂ ಉಳಿದಿರಲಿಲ್ಲ.

ನನ್ನನ್ನು ಹೊರಗೆ ಕಳಿಸಿದಳು. ಯಂತ್ರ ಗುಂಯ್ ಎಂದಿತು. ಮೊದಲು ತಲೆ, ಆಮೇಲೆ ಎದೆ. ಚಿತ್ರಗಳು ಬೇರೆ ಯಾವುದೋ ಊರಿನಲ್ಲಿ ಕೂತ ಡಾಕ್ಟರ ಫೋನಿಗೆ ಹೋಗುತ್ತಿದ್ದವು, ಅವರು ನೋಡಿ ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಸುಜಾತಾ ಗಾಜಿನ ಕಿಂಡಿಯ ಹತ್ತಿರ ನನ್ನನ್ನು ಕರೆದಳು.

"ತಲಿಯಾಗ ರಕ್ತ ಜಿನುಗೇತ್ರಿ, ಸಣ್ಣಗ. ವಿಜಯಪುರಕ್ಕ ಈಗ ಹೋದ್ರ ಛಲೋ. ಆದ್ರ ಎದಿ ಕಾಣವಲ್ದು. ಅಜ್ಜಿ ಹಾರ್ಟಿಗೆ ಮಷಿನ್ ಕೂಡಿಸ್ಯಾರೇನ್ರಿ? ಡಾಕ್ಟರು ಕೇಳಾಕತ್ತಾರ."

"ಮಷಿನ್ನಾ? ಇಲ್ಲವಾ. ಬರೇ ಗುಳಿಗಿ."

"ಮತ್ತ ಇದೇನ್ರಿ?"

ಟೀವಿಯಂಥ ಪರದೆಯನ್ನು ಅವಳು ನನ್ನ ಕಡೆಗೆ ತಿರುಗಿಸಿದಳು. ಬೂದಿ ಬಣ್ಣದ ಪಕ್ಕೆಲುಬುಗಳ ನಡುವೆ ಬೆಳ್ಳಗೆ, ಗುಂಡಗೆ, ಕಣ್ಣು ಕೋರೈಸುವಂಥದ್ದೊಂದು. ಅದರಿಂದ ನಾಲ್ಕೂ ಕಡೆ ಸೂರ್ಯನ ಕಿರಣದಂಥ ಗೆರೆಗಳು. ಆ ಗೆರೆಗಳ ಬೆಳಕಿನಲ್ಲಿ ಎದೆಯದೇನೂ ಕಾಣುತ್ತಿರಲಿಲ್ಲ. ಒಂದು ಗಳಿಗೆ ನನಗೆ ತಿಳಿಯಲಿಲ್ಲ. ತಿಳಿದ ಮೇಲೆ ನನ್ನ ಎರಡೂ ಕೈ ತಾವಾಗಿಯೇ ಕೂಡಿದವು.

"ಅಕ್ಕಾರ, ಪರದೆಗ್ಯಾಕ ಕೈ ಮುಗ್ಯಾಕತ್ತೀರಿ?"

"ಅದು ಲಿಂಗವಾ. ಅತ್ತಿ ಕೊಳ್ಳಾಗಿನ ಲಿಂಗ."

ಎಂಟನೆಯ ವಯಸ್ಸಿನಲ್ಲಿ ಲಿಂಗದೀಕ್ಷೆ ಆದಾಗಿನಿಂದ ಬೆಳ್ಳಿಯ ಕರಡಿಗೆಯಲ್ಲಿಟ್ಟು, ದಾರದಲ್ಲಿ ಕಟ್ಟಿ, ಕುಪ್ಪಸದೊಳಗೆ ಎದೆಗೆ ಹಚ್ಚಿಕೊಂಡದ್ದು. ಪೂಜೆಗೆ ಎಡದ ಅಂಗೈಗೆ ಬಂದರೆ ಬಂತು, ಇಲ್ಲವಾದರೆ ನೀರಿಗೆ ಹೋದರೂ, ನಿದ್ದೆಗೆ ಹೋದರೂ, ಹೆರಿಗೆಗೆ ಹೋದರೂ ಮೈಯಿಂದ ಅಗಲಿಸಿದವರಲ್ಲ. ಸಾಮಾನು ತೆಗೆಯಿರಿ ಎಂದರೆ ಅದು ನನ್ನ ಲೆಕ್ಕಕ್ಕೆ ಹೇಗೆ ಬರಬೇಕು? ಸುಜಾತಾ ಮುಟ್ಟಿ ಮಲಗಿಸುವ ಕಾಲವಾಗಿದ್ದರೆ ಅವಳ ಕೈಗೆ ಹತ್ತುತ್ತಿತ್ತು. ಆ ಕಾಲ ಹಾಗಿರಲಿಲ್ಲ.

"ಅಯ್ಯ ಅಕ್ಕಾರ, ಏನೂ ಇಲ್ಲ ಅಂದ್ರೆಲ್ರೀ!" ಸುಜಾತಾ ಹಣೆ ಬಡಿದುಕೊಳ್ಳಲು ಹೋಗಿ, ಕನ್ನಡಕ ಅಡ್ಡ ಬಂದು ಕೈ ಇಳಿಸಿದಳು.

"ಅದು ಸಾಮಾನಲ್ಲವಾ."

"ಯಂತ್ರಕ್ಕ ಗೊತ್ತಾಗಬೇಕಲ್ರಿ! ತಗದಿಡ್ರಿ, ಲಗೂನ. ಇನ್ನೊಮ್ಮಿ ತಗೀತೇನಿ."

ಒಳಗೆ ಹೋದೆ. ದಾರಕ್ಕೆ ಕೈ ಹಾಕಿದ್ದೇ ತಡ, ಅರೆಪ್ರಜ್ಞೆಯಲ್ಲಿ ಮಲಗಿದ್ದ ಅತ್ತೆ ಎರಡೂ ಮುಷ್ಟಿಯಿಂದ ಕರಡಿಗೆಯನ್ನು ಅಮುಕಿ ಹಿಡಿದರು. "ಬಿಡ್ರೀ ಅತ್ತಿ, ಎರಡ ನಿಮಿಷ" ಎಂದೆ. ನನ್ನ ಗುರುತು ಅವರಿಗೆ ಇರಲಿಲ್ಲ. "ಯಾರ ನೀ? ಕೈ ತಗಿ. ಇದ ಹೋದ್ರ ನಾ ಹೋದಂಗ" ಎಂದರು. ಸೊಸೆಯ ಹೆಸರು ಮರೆತಿದ್ದ ಬಾಯಿ ಅದನ್ನು ಮಾತ್ರ ಸ್ಪಷ್ಟವಾಗಿ ಹೇಳಿತು. ನಾನು ಜಗ್ಗಿದೆ, ಅವರು ಇನ್ನೂ ಬಿಗಿ ಹಿಡಿದರು. ಮುದುಕಿಯ ಕೈಯಲ್ಲಿ ಎಲ್ಲಿತ್ತೋ ಆ ಬಲ. ದಾರ ಕತ್ತರಿಸಬಹುದಿತ್ತು. ಕತ್ತರಿ ಮೇಜಿನ ಮೇಲೆಯೇ ಇತ್ತು. ನನ್ನ ಕೈ ಅಲ್ಲಿಯವರೆಗೆ ಹೋಗಿ ನಿಂತಿತು. ಕತ್ತರಿಸಿದ ಮೇಲೆ ಅವರು ಹೋಗಿಬಿಟ್ಟರೆ, ಲಿಂಗ ತಪ್ಪಿಸಿ ಕಳಿಸಿದವಳು ನಾನಾಗುತ್ತೇನೆ. ಕತ್ತರಿಸದೆ ಹೋದರೂ, ಕಳಿಸಿದವಳು ನಾನೇ. ಯಾವುದಕ್ಕೆ ಅಳಬೇಕು ಎನ್ನುವುದೂ ತಿಳಿಯದೆ ನಿಂತೆ.

ಸುಜಾತಾ ಗಾಜಿನ ಕೋಣೆಯಿಂದ ಹೊರಗೆ ಬಂದಳು. ಮುಟ್ಟಲಿಲ್ಲ. ಎರಡು ಮಾರು ದೂರ ನಿಂತು ಕೇಳಿದಳು.

"ಪೂಜಾ ಮಾಡುವಾಗ ಎಲ್ಲಿಟ್ಕೊಂತಾರ್ರಿ ಅದನ್ನ?"

"ಎಡಗೈಯಾಗ. ಅಂಗೈ ಮ್ಯಾಲ."

"ಕರಡಿಗಿ ಬಿಟ್ಟು?"

"ಹೌದು. ಬರೇ ಲಿಂಗ."

ಅವಳು ಯಂತ್ರ ನೋಡಿದಳು, ಅತ್ತೆಯನ್ನು ನೋಡಿದಳು. "ಎದಿ ಚಿತ್ರಾ ತಗಿಯುವಾಗ ಕೈ ಎರಡೂ ತಲಿ ಮ್ಯಾಲ ಎತ್ತಿ ಮಲಗಸಬೇಕ್ರಿ, ಅದ ಪದ್ಧತಿ. ಆಗ್ಲೆ ಅಜ್ಜಿ ಕೈ ಎತ್ತಲಿಲ್ಲ ಅಂತ ಹಂಗ ತಗದೆ. ಅಕ್ಕಾರ, ಲಿಂಗ ಅಂಗೈಯಾಗ ಇರ್ಲಿ. ಅಂಗೈ ತಲಿ ಮ್ಯಾಲ ಇರ್ಲಿ. ಮೈ ಬಿಟ್ಟಂಗೂ ಆಗಲಿಲ್ಲ, ಚಿತ್ರದಾಗ ಬಂದಂಗೂ ಆಗಲಿಲ್ಲ."

ಅಷ್ಟು ಸುಲಭದ್ದು. ಆದರೆ ಮುಷ್ಟಿ ಬಿಚ್ಚಬೇಕಲ್ಲ. ನಾನು ಅತ್ತೆಯ ಕಿವಿಗೆ ಬಾಗಿ, ಮನೆಯಲ್ಲಿ ಹೇಳುವ ದನಿಯಲ್ಲಿ ಹೇಳಿದೆ: "ಅತ್ತಿ, ಪೂಜಾ ವ್ಯಾಳ್ಯಾ ಆತ್ರಿ. ನೀರ ಕಾದಾವ, ಜಳಕಾ ಆತು. ಲಿಂಗ ತಗೀರಿ."

ಸಂಜೆ ನಾಲ್ಕು ಗಂಟೆ. ಬೆಳಗಿನ ಪೂಜೆ ಬೆಳಗ್ಗೆಯೇ ಮುಗಿದಿತ್ತು. ವಾಂತಿಯಾದ ಸೀರೆ ಇನ್ನೂ ಮೈಮೇಲಿತ್ತು. ಜಳಕ ಎಲ್ಲಿಂದ ಬರಬೇಕು? ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಸಂಸಾರದಲ್ಲಿ ಅತ್ತೆಗೆ ನಾನು ಹೇಳಿದ ಸುಳ್ಳುಗಳು ಇದ್ದೇ ಇವೆ, ಹಾಲು ಬೆಕ್ಕು ಕುಡಿಯಿತು ಎನ್ನುವಂಥವು. ದೇವರ ವಿಷಯದಲ್ಲಿ ಹೇಳಿದ್ದು ಅದೊಂದೇ.

ಮುಷ್ಟಿ ಸಡಿಲವಾಯಿತು. ಕಣ್ಣು ಮುಚ್ಚಿಕೊಂಡೇ ಅವರ ಬಲಗೈ ಕರಡಿಗೆಯ ಮುಚ್ಚಳ ತೆಗೆಯಿತು, ಒಳಗಿನ ಬಟ್ಟೆ ಬಿಡಿಸಿತು, ಲಿಂಗವನ್ನು ಎಡದ ಅಂಗೈ ಮೇಲೆ ಕೂರಿಸಿತು. ಅರವತ್ತು ವರ್ಷ ಮಾಡಿದ ಕೈ. ತಲೆ ಇಲ್ಲದಿದ್ದರೂ ದಾರಿ ಗೊತ್ತಿತ್ತು. ನಾನು ಖಾಲಿ ಕರಡಿಗೆಯನ್ನು ದಾರದ ಸಮೇತ ಬಿಚ್ಚಿ, ಲಿಂಗ ಜಾರದಂತೆ ಅದೇ ಬಟ್ಟೆಯಿಂದ ಅಂಗೈಗೆ ಕಟ್ಟಿದೆ. ಕೈ ಹಿಡಿದುಕೊಳ್ಳಲು ಯಾರಾದರೂ ಇರಬೇಕಿತ್ತು. ಸುಜಾತಾ ನನಗೆ ಸೀಸದ ಅಂಗಿ ಕೊಟ್ಟಳು. ತೊಟ್ಟರೆ ಅರ್ಧ ಚೀಲ ಜೋಳ ಹೊತ್ತಷ್ಟು ಭಾರ. ಅತ್ತೆಯ ತಲೆದೆಸೆಗೆ ನಿಂತು ಎರಡೂ ಕೈ ಮೇಲೆತ್ತಿ ಹಿಡಿದೆ.

ಯಂತ್ರದೊಳಗಿಂದ ಯಾವುದೋ ಹೆಂಗಸು ಇಂಗ್ಲಿಷಿನಲ್ಲಿ ಏನೋ ಅಂದಳು. ಉಸಿರು ಹಿಡಿಯಿರಿ ಎಂದಂತೆ. ಸುಜಾತಾ ಮೈಕಿನಲ್ಲಿ, "ಅಜ್ಜೀ, ಉಸರ ಹಿಡೀರಿ" ಎಂದು ಕೂಗಿದಳು. ಅತ್ತೆ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವರ ತುಟಿ ಅಲ್ಲಾಡುತ್ತಿತ್ತು. ಓಂ ನಮಃ ಶಿವಾಯ. ಒಂದು ಸಲ ಹೇಳುವುದು, ನಿಲ್ಲುವುದು. ಮತ್ತೆ ಹೇಳುವುದು, ನಿಲ್ಲುವುದು. ನಿಂತಾಗ ಎದೆಯೂ ನಿಲ್ಲುತ್ತಿತ್ತು. ನಾನು ಗಾಜಿನ ಕಡೆ ತಿರುಗಿ, "ಆ ನಿಂತಾಗ ತಗಿಯವಾ, ಈಗ ನಿಲ್ಲತಾರ" ಎಂದು ಕೂಗಿದೆ. ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಹಾಸಿಗೆ ಸರ್‍ರನೆ ಒಳಗೆ ಸರಿದು ಹೊರಗೆ ಬಂತು.

"ಬಂತ್ರೀ" ಎಂದಳು ಸುಜಾತಾ. ಮೈಕು ಬಂದ್ ಮಾಡುವುದನ್ನು ಮರೆತಿದ್ದಳು. ಅವಳು ಮೂಗು ಎಳೆದುಕೊಂಡದ್ದು ಕೋಣೆಗೆಲ್ಲ ಕೇಳಿಸಿತು.

ಎದೆ ಸ್ವಚ್ಛವಾಗಿತ್ತು. ಕಾಗದ ಬಂತು, ಆಂಬುಲೆನ್ಸು ಬಂತು. ಹೊರಡುವ ಮೊದಲು ಲಿಂಗವನ್ನು ಕರಡಿಗೆಗೆ ಸೇರಿಸಿ ಮತ್ತೆ ಕೊರಳಿಗೆ ಕಟ್ಟಿದೆ. ಮಹಿಬೂಬಣ್ಣ ಟಂಟಂ ತಿರುಗಿಸುತ್ತ, "ಮಾಸ್ತರಗ ನಾ ಫೋನ್ ಮಾಡತೇನಿ, ನೀ ಅಜ್ಜಿ ನೋಡ್ಕೊ ತಂಗೆವ್ವಾ" ಎಂದ. ವಿಜಯಪುರದ ಆಸ್ಪತ್ರೆಯ ಬಾಗಿಲಲ್ಲಿ ನಮ್ಮ ಮನೆಯವರು ನಿಂತಿದ್ದರು, ಕೊರಳಲ್ಲಿ ಇನ್ನೂ ಚೆಕ್‌ಪೋಸ್ಟಿನ ಗುರುತಿನ ಚೀಟಿ. ಅಲ್ಲಿಯ ಡಾಕ್ಟರು ಗುಳಿಗೆ ನಿಲ್ಲಿಸಿ, ಅದರ ಜೋರು ಇಳಿಸುವ ಇಂಜೆಕ್ಷನ್ ಕೊಟ್ಟು, ಮರುದಿನ ಮತ್ತೆ ತಲೆಯ ಚಿತ್ರ ತೆಗೆಸಿದರು. ರಕ್ತ ಅಲ್ಲಿಗೇ ನಿಂತಿತ್ತು. ಇನ್ನೂ ತಡವಾಗಿದ್ದರೆ ತಲೆ ಬಿಚ್ಚಬೇಕಾಗುತ್ತಿತ್ತು ಎಂದರು. ಬಿಚ್ಚಲಿಲ್ಲ. ಮೂರನೆಯ ದಿನ ಅತ್ತೆ ಕಣ್ಣು ಬಿಟ್ಟು ನನ್ನನ್ನು ದಿಟ್ಟಿಸಿ ನೋಡಿ, "ಶಾಂತಾ, ತಲಿ ಬಾಚ್ಕೊಂಡಿಲ್ಲೇನ ನೀ?" ಎಂದರು. ಅಷ್ಟು ಸವಿಯಾದ ಬೈಗುಳ ನಾನು ಅದುವರೆಗೆ ಕೇಳಿರಲಿಲ್ಲ.

ಊರಿಗೆ ಬಂದ ಮೇಲೆ ನಮ್ಮ ಮನೆಯವರು ನನ್ನಿಂದ ಕೇಳಿದ್ದ ಲಿಂಗದ ಚಿತ್ರದ ಕಥೆಯನ್ನು ಕೈ ಬಾಯಿ ತಿರುವಿ ತಾಯಿಗೆ ಹೇಳಿದರು. ಅತ್ತೆ ಬಂದವರ ಮುಂದೆಲ್ಲ, ಆರು ಅಡಿ ದೂರ ನಿಲ್ಲಿಸಿಯೇ, "ಲಿಂಗಕ್ಕ ಫೋಟೋ ತಗಸಿದ ಸೊಸಿ ಇಡೀ ಸಿಂದಗಿ ತಾಲ್ಲೂಕದಾಗ ಇಕಿ ಒಬ್ಬಾಕಿ" ಎಂದು ಸಾರಿದರು. ಪೂಜೆಯ ಸುಳ್ಳು ಮಾತ್ರ ನನಗೆ ಮತ್ತು ಸುಜಾತಾಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಹಗಲೆಲ್ಲ ಕೆಲಸದಲ್ಲಿ ಮರೆಯುತ್ತಿತ್ತು. ಅತ್ತೆ ಪೂಜೆಗೆ ಕೂತು ಅಂಗೈ ನೋಡುವಾಗ ನೆನಪಾಗುತ್ತಿತ್ತು.

ಒಂದು ತಿಂಗಳಾದ ಮೇಲೆ, ಮಿರಗದ ಮಳೆ ಒಂದೆರಡು ಬಿದ್ದು ತೊಗರಿ ಬಿತ್ತನೆ ಶುರುವಾದ ಹೊತ್ತಿಗೆ, ತಲೆಯನ್ನು ಇನ್ನೊಮ್ಮೆ ನೋಡಿಸಲು ಸಿಂದಗಿಗೆ ಹೋದೆವು. ಅತ್ತೆ ಹಿಂದಿನ ದಿನವೇ ನನ್ನಿಂದ ಶೇಂಗಾ ಹೋಳಿಗೆ ಮಾಡಿಸಿದ್ದರು. ಸರದಿ ಕಡಿಮೆಯಾಗಿತ್ತು. ಬೇವಿನ ಮರದ ಕೆಳಗೆ ಒಂದು ಹುಡುಗಿ ಡಬ್ಬಿ ತೆರೆದುಕೊಂಡು ಉಣ್ಣುತ್ತಿದ್ದಳು. ಚಿಕ್ಕ ಮುಖ, ಮೂಗಿನ ಮೇಲೆ ಮಾಸ್ಕಿನ ಗಾಯದ ಗೆರೆ. ನಮ್ಮನ್ನು ನೋಡಿ ತುತ್ತು ಅಲ್ಲೇ ಬಿಟ್ಟು ಎದ್ದು, "ಅಜ್ಜೀ!" ಎಂದಳು. ದನಿಯಿಂದ ಗುರುತು ಸಿಕ್ಕಿತು.

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಈಕಿನೇನ? ನಾ ಎಲ್ಲೋ ಗಟ್ಟಿಮುಟ್ಟ ಹೆಂಗಸ ಇರಬೇಕ ಅಂದಿದ್ದೆ. ಮುಟಗಿಯಷ್ಟ ಅದಾಳಲ್ಲ! ಮೊದ್ಲ ಹೇಳತೇನಿ ಕೇಳ ಮಗಳ, ನನ್ನ ಮೈಮ್ಯಾಲ ಲಿಂಗ ಐತಿ. ನನ್ನ ಸೊಸಿ ಹೇಳಂಗಿಲ್ಲ."

ಹುಡುಗಿ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಇವತ್ತು ಬರೀ ತಲೆ, ಲಿಂಗ ಇದ್ದಲ್ಲೇ ಇರಲಿ ಎಂದಳು. ನಾನು ಹೋಳಿಗೆಯ ಗಂಟನ್ನು ಬಾಕಿನ ಮೇಲಿಟ್ಟು ದೂರ ಸರಿದೆ. ಅವಳು ಬಂದು ಬಿಚ್ಚಿ, ಅಲ್ಲೇ ಒಂದು ಮುರಿದು ಬಾಯಿಗಿಟ್ಟು, "ತುಪ್ಪಾ ತರಲಿಲ್ಲೇನ್ರಿ ಅಕ್ಕಾರ?" ಎಂದಳು. ಇಂಡಿಯಲ್ಲಿ ಅವಳ ಅವ್ವ ಇದ್ದಾಳಂತೆ. ಮನೆಗೆ ಹೋಗಿ ಎರಡು ತಿಂಗಳಾಗಿತ್ತಂತೆ, ಆಸ್ಪತ್ರೆಯ ಮೇಲಿನ ಕೋಣೆಯಲ್ಲೇ ಮಲಗುತ್ತಿದ್ದಳಂತೆ.

ಅತ್ತೆ ಯಾರನ್ನೂ ಕೇಳದೆ ಬಿಡದ ಜಾತಿಯ ಪ್ರಶ್ನೆ ಕೇಳಿಯೇಬಿಟ್ಟರು. "ಯಾರ ಪೈಕಿ ಮಗಳ ನೀವು?"

ಹುಡುಗಿ ಹೋಳಿಗೆ ಅಗಿಯುವುದನ್ನು ಒಂದು ಗಳಿಗೆ ನಿಲ್ಲಿಸಿ, ನೇರವಾಗಿ ಅತ್ತೆಯನ್ನು ನೋಡಿ, "ನಾವು ಬುದ್ಧನ ಪೂಜಾ ಮಾಡೋರು ಅಜ್ಜಿ" ಎಂದಳು.

ಅತ್ತೆ ಹಳೆಯ ಕಾಲದವರು, ಏನನ್ನುತ್ತಾರೋ ಎಂದು ನಾನು ನೆಲ ನೋಡಿದೆ. ಮರದಿಂದ ಒಂದೆರಡು ಬೇವಿನಹಣ್ಣು ಉದುರಿದವು.

"ದಿನಾ ಮಾಡತೀಯೇನ?" ಎಂದರು ಅತ್ತೆ.

"ಇಲ್ಲಿ ಎಲ್ಲಿ ಆಗತೈತ್ರಿ? ಮನಿಯಾಗ ಅವ್ವ ಮಾಡತಾಳ."

"ಬಿಡಬ್ಯಾಡ ಮತ್ತ. ಪೂಜಾ ಬಿಡಬಾರದು" ಎಂದು ಗದರಿಸಿ, ನನ್ನ ಕಡೆ ತಿರುಗಿ, "ಮುಂದಿನ ಸಲ ತುಪ್ಪಾ ತೊಗೊಂಡ ಬರೂಣು, ನೆನಪಿಡು" ಎಂದರು.

ತಲೆಯ ಚಿತ್ರ ಚೆನ್ನಾಗಿ ಬಂತು. ಊರು ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಅತ್ತೆ ಪಡಸಾಲೆಯ ಕಂಬಕ್ಕೆ ಆತು ಕೂತರು. ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು ನಾನು, ಇನ್ನು ತಡೆಯಲಾರದೆ ಹೇಳಿಬಿಟ್ಟೆ. "ಅತ್ತಿ, ಅವತ್ತ ನಾ ನಿಮಗ ಸುಳ್ಳ ಹೇಳೇನ್ರಿ. ಪೂಜಾ ವ್ಯಾಳ್ಯಾ ಅಲ್ಲ, ಜಳಕಾ ಇಲ್ಲ, ಮೈಲಿಗಿ ಸೀರಿ. ಪೂಜಾ ಅಂತ ಹೇಳಿ ಲಿಂಗ ಕೈಗೆ ತಗಸೀನಿ. ಯಂತ್ರದ ಸಲುವಾಗಿ."

ಅತ್ತೆ ಕಾಲು ಎಳೆದುಕೊಂಡರು. ಸಿಟ್ಟಾದರೆಂದುಕೊಂಡೆ. ಅವರು ಕಾಲು ಮಡಚಿ ಚಕ್ಕಂಬಕ್ಕಳ ಹಾಕಿ ಕೂತರು, ಅಷ್ಟೇ.

"ಅವತ್ತಿಂದು ನನಗ ಏನೂ ನೆನಪಿಲ್ಲ" ಎಂದರು. "ಬಿದ್ದಿದ್ದ ನೆನಪಿಲ್ಲ, ಮಹಿಬೂಬನ ಗಾಡಿ ನೆನಪಿಲ್ಲ, ನಿನ್ನ ಮಾರಿನೂ ನೆನಪಿಲ್ಲ. ಪೂಜಾ ಮಾಡಿದ್ದ ನೆನಪೈತಿ. ಬೆಳ್ಳನ್ನ ಗುಂಡನ್ನ ಬಾಗಲಾ ಇತ್ತು. ಅದರಾಗ ಮಲಗಿದ್ದೆ. ಲಿಂಗ ಅಂಗೈಯಾಗ ತಣ್ಣಗಿತ್ತು. ಹಿಂದ ಯಾರೋ ನನ್ನ ಎರಡೂ ಕೈ ಹಿಡದಿದ್ರು, ಬಿಡಲೇ ಇಲ್ಲ."

"ನಾನ ಹಿಡದಿದ್ದೆರಿ."

"ಹೌದಿಲ್ಲೋ? ಮತ್ತ ನಾ ಪೂಜಾ ಮಾಡೇನಿ ಅಂದಮ್ಯಾಲ ನೀ ಹೇಳಿದ್ದು ಸುಳ್ಳ ಹೆಂಗಾತು?"

ನನ್ನ ಕಣ್ಣು, ಮೂಗು ಎರಡೂ ಸುರಿದವು. ಅತ್ತೆ ಸ್ವಲ್ಪ ಹೊತ್ತು ಅಳಲು ಬಿಟ್ಟು, ಆಮೇಲೆ ತಮ್ಮ ಸೆರಗಿನ ತುದಿಯಿಂದ ನನ್ನ ಮುಖವನ್ನು ಸಣ್ಣ ಹುಡುಗಿಗೆ ಒರೆಸಿದ ಹಾಗೆ ಒರಟಾಗಿ ಒರೆಸಿದರು.

"ಸಾಕ ಬಿಡು. ನನ್ನ ಮಗಾ ಹಸದ ಬರತಾನ. ಏಳು."

ಎದ್ದು ಕೈಯ ಎಣ್ಣೆ ತೊಳೆದುಕೊಂಡೆ. ಒಲೆ ಹಚ್ಚಿ, ರೊಟ್ಟಿಗೆ ಎಸರಿಟ್ಟೆ.